ಐದು ಬೆರಳಿನ ಹಾಡು ಕಟ್ಟಿದವಳು

ಅಂಚೆಯಲ್ಲಿ ಬಂದದ್ದು ಒಂದು ದಪ್ಪ ಪುಸ್ತಕ, ಜೊತೆಗೆ ಒಂದು ಬಣ್ಣದ ಕಾರ್ಡು. ಇಸ್ತ್ರಿಯಕ್ಕ ಅಡುಗೆಮನೆಯ ಮೇಜಿನ ಮುಂದೆ ಕೂತು ಬಟಾಣಿ ಸುಲಿಯುತ್ತಿದ್ದಳು. ಓದು ಅವಳಿಗೆ ತಡವರಿಸಿಕೊಂಡು ಬರುತ್ತಿತ್ತು. ಅಕ್ಷರ ಕಲಿತದ್ದೇ ಆಸ್ಪತ್ರೆಯ ಚಾದರಗಳ ಮೂಲೆಯಲ್ಲಿ ಕೆಂಪು ದಾರದಲ್ಲಿ ಹೊಲಿದ ವಾರ್ಡಿನ ಗುರುತುಗಳಿಂದ. ಹಾಗಾಗಿ ಓದುವ ಕೆಲಸ ನಾದಿನಿಯದು. ಗಂಡ ತೀರಿಕೊಂಡು ಹನ್ನೆರಡು ವರ್ಷವಾದರೂ ಗಂಡನ ತಂಗಿ ಮನೆ ಬಿಟ್ಟು ಹೋಗಿರಲಿಲ್ಲ. ಎರಡು ಕೋಣೆಯ ಆ ಮಹಡಿ ಮನೆಯಲ್ಲಿ ಇಬ್ಬರೂ ದಿನಕ್ಕೆ ನಾಲ್ಕು ಸಲ ಜಗಳವಾಡಿ, ಐದು ಸಲ ಟೀ ಕುಡಿದು ಬದುಕಿದ್ದರು.

"ನಿಮಗೆ ಗೌರವ ಸಮಾರಂಭ ಅಂತೆ ಅತ್ತಿಗೆ," ನಾದಿನಿ ಕಾರ್ಡು ಓದಿದಳು. "'ನಮ್ಮ ಜನಪದ ಹಾಡುಗಳನ್ನು ಅರ್ಧ ಶತಮಾನ ಕಾಪಾಡಿಕೊಂಡು ಬಂದ ಹಿರಿಯ ಗಾಯಕಿ.' ನಿಮ್ಮ ಫೋಟೋನೂ ಹಾಕಿದ್ದಾರೆ. ಸ್ವಲ್ಪ ಕೋಪ ಬಂದ ಹಾಗೆ ಇದ್ದೀರಿ."

"ಕಾಪಾಡೋಕೆ ನಾನೇನು ಕಬ್ಬಿಣದ ಬೀರುನಾ?"

ನಾದಿನಿ ಪುಸ್ತಕ ತಿರುವಿದಳು. ಅರವತ್ತೊಂದನೇ ಪುಟದಲ್ಲಿ ಅವಳ ಬಾಯಿ ನಿಂತಿತು. ಆಮೇಲೆ ನಿಧಾನವಾಗಿ, ಕೋರ್ಟಿನಲ್ಲಿ ತೀರ್ಪು ಓದುವವರ ಹಾಗೆ ಓದಿದಳು:

"ಬೆಳ್ಳಗೆ ಹಾಸಿಗೆ ಹಾಸೋರೇ
ಮೆಲ್ಲಗೆ ಮಡಿಕೆ ಬಿಚ್ಚಿರೇ
ಮಡಿಕೆ ಒಳಗೆ ಐದು ಬೆರಳು
ಬಿಸಿ ಆರಿಲ್ಲ ಮುಟ್ಟಿರೇ
ತಂತಿ ಬಿಗಿದ ಕೈ ಯಾರದೇ
ಬೆಂದು ಹೋದ ಕೈ ನಮ್ಮದೇ"

"ಸರಿಯಾಗೇ ಇದೆಯಲ್ಲ," ಎಂದಳು ಇಸ್ತ್ರಿಯಕ್ಕ.

"ಕೆಳಗೆ ಕೇಳಿ. 'ಕರ್ತೃ ಅಜ್ಞಾತ. ಸುಮಾರು ನೂರೈವತ್ತು ವರ್ಷ ಹಿಂದಿನ ರಚನೆ. ಐದು ಬೆರಳು ಪಂಚೇಂದ್ರಿಯಗಳ ಸಂಕೇತ. ತಂತಿ ಎಂದರೆ ಸಂಸಾರದ ಬಂಧನ. ಆರದ ಬಿಸಿ ಆತ್ಮದ ಹಂಬಲ.'"

ನಾದಿನಿ ಪುಸ್ತಕ ಕೆಳಗಿಟ್ಟು ತನ್ನ ಬಲಗೈಯನ್ನು ಮೇಜಿನ ಮೇಲೆ ತಂದಿಟ್ಟಳು. ನಡುವಿನ ಮೂರು ಬೆರಳು ಒಂದಕ್ಕೊಂದು ಅಂಟಿ ಒಂದೇ ತುಂಡಾಗಿದ್ದವು. ಹೆಬ್ಬೆರಳು ಒಳಕ್ಕೆ ಮಡಚಿಕೊಂಡಿತ್ತು. ಕಿರುಬೆರಳು ಯಾವತ್ತೂ ಬಗ್ಗದ ಕಡ್ಡಿ. "ಇದರಲ್ಲಿ ಮೂಗು ಯಾವುದು, ಕಿವಿ ಯಾವುದು ಸ್ವಲ್ಪ ಹೇಳ್ತೀರಾ ಅತ್ತಿಗೆ? ಇಷ್ಟು ವರ್ಷ ಇಟ್ಕೊಂಡಿದ್ದೀನಿ, ನನಗೇ ಗೊತ್ತಾಗಿಲ್ಲ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೊದಲು ನಗು ನಿಲ್ಲಿಸಿದವಳು ಇಸ್ತ್ರಿಯಕ್ಕ. ಬಟಾಣಿಯ ಬಟ್ಟಲನ್ನು ಆಚೆ ತಳ್ಳಿ, "ಯಾರೂ ಕಟ್ಟಿಲ್ಲ ಅಂದ್ರೆ ಯಾರ ಕೈಯೂ ಬೆಂದಿಲ್ಲ ಅಂತ ಆಯ್ತಲ್ಲೇ," ಎಂದಳು.

ಇಷ್ಟು ಹೊತ್ತಿಗೆ ಓದುಗರಿಗೆ ಒಂದು ಮಾತು ಹೇಳಬೇಕು. ಹಾಡಿಗೆ ತಾಯಿ ತಂದೆ ಇರುವುದಿಲ್ಲ, ಅದು ಗಾಳಿಯಲ್ಲಿ ತಾನಾಗಿ ಹುಟ್ಟುತ್ತದೆ, ಜನರ ಬಾಯಲ್ಲಿ ತಾನಾಗಿ ಬೆಳೆಯುತ್ತದೆ ಎಂದು ಭಾಷಣ ಮಾಡುವವರು ಬಹಳ ಮಂದಿ ಇದ್ದಾರೆ. ಕೇಳಲು ಚೆಂದ. ಅವರ ಭಾಷಣದ ಕೆಳಗೆ ಮಾತ್ರ ಅವರ ಹೆಸರು, ಪದವಿ, ಫೋಟೋ ಮೂರೂ ಇರುತ್ತವೆ. ಗಾಳಿಯಲ್ಲಿ ಹುಟ್ಟುವುದು ಬಡವರ ಹಾಡು ಮಾತ್ರ.

ಐದು ಬೆರಳಿನ ಹಾಡು ಹುಟ್ಟಿದ್ದು ಗಾಳಿಯಲ್ಲಲ್ಲ, ಹಬೆಯಲ್ಲಿ. ಊರಿನ ಆಸ್ಪತ್ರೆಗಳ ಬಟ್ಟೆಯೆಲ್ಲ ಬಂದು ಬೀಳುತ್ತಿದ್ದ ಒಂದು ದೊಡ್ಡ ಲಾಂಡ್ರಿ. ಒಂದು ಕಡೆಯಿಂದ ರಕ್ತ, ಔಷಧಿ, ವಾಂತಿ ಹತ್ತಿದ ಚಾದರಗಳು ತಳ್ಳುಗಾಡಿಯಲ್ಲಿ ಬರುತ್ತಿದ್ದವು. ಇನ್ನೊಂದು ಕಡೆಯಿಂದ ಹಾಲಿನಂಥ ಬಿಳುಪಿನಲ್ಲಿ ಹೋಗುತ್ತಿದ್ದವು. ನಡುವೆ ಒಗೆಯುವ ಸೋಡಾದ ಉರಿ, ಒದ್ದೆ ನೆಲ, ಆಳೆತ್ತರದ ರೋಲರು ಯಂತ್ರಗಳು. ಇಬ್ಬರು ಹೆಂಗಸರು ಒದ್ದೆ ಚಾದರದ ಎರಡು ತುದಿ ಹಿಡಿದು ಬಿಸಿ ರೋಲರಿನ ಬಾಯಿಗೆ ಕೊಡಬೇಕು. ಆಚೆ ಇಬ್ಬರು ಒಣಗಿ ಬಂದದ್ದನ್ನು ಎಳೆದು ಮಡಿಸಬೇಕು. ಇಸ್ತ್ರಿಯಕ್ಕ ನಾಲ್ಕನೇ ಯಂತ್ರದಲ್ಲಿ ಮೂವತ್ತಮೂರು ವರ್ಷ ನಿಂತಳು. ಹೆಸರು ಬಂದದ್ದೂ ಅಲ್ಲಿಂದಲೇ. ಮನೆಯಲ್ಲಿ ಇಟ್ಟ ಹೆಸರನ್ನು ಮರೆಸಿ ಹಾಕುವಷ್ಟು ಗಟ್ಟಿಯಾಗಿ ಅದು ನಿಂತಿತು.

ಯಂತ್ರದ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಹಾಡು ಕೇಳಿಸುತ್ತಿತ್ತು. ಹಾಡದಿದ್ದರೆ ಕೊಡುವ ಕೈಗೂ ಎಳೆಯುವ ಕೈಗೂ ಹೊಂದಿಕೆ ತಪ್ಪಿ ಚಾದರ ಸುಕ್ಕಾಗುತ್ತಿತ್ತು. ಇಸ್ತ್ರಿಯಕ್ಕ ಮೊದಲ ಸಾಲು ಎತ್ತಿದರೆ ನಲವತ್ತು ಜನ ಎರಡನೇ ಸಾಲಿಗೆ ಕೈ ಹಾಕುತ್ತಿದ್ದರು. ಮೇಸ್ತ್ರಿಯ ಹೊಸ ಮೀಸೆ, ಸೋರುವ ಸೂರು, ಹೆಂಡತಿಗೆ ಹೆದರುವ ಲಾರಿ ಡ್ರೈವರು, ಹೆರಿಗೆ ವಾರ್ಡಿನ ಚಾದರ ನೋಡಿ ಕಣ್ಣೊರೆಸಿಕೊಂಡ ಮಕ್ಕಳಿಲ್ಲದವಳು, ಎಲ್ಲರ ಮೇಲೂ ಅವಳ ಹಾಡಿತ್ತು. ಬೆಳಗ್ಗೆ ನಡೆದದ್ದು ಮಧ್ಯಾಹ್ನಕ್ಕೆ ಹಾಡಾಗುತ್ತಿತ್ತು.

ರೋಲರಿನ ಬಾಯಿಗೆ ಒಂದು ಅಡ್ಡಪಟ್ಟಿ ಇತ್ತು. ಬೆರಳು ತಾಗಿದರೆ ಯಂತ್ರ ತಟ್ಟನೆ ನಿಲ್ಲಬೇಕು, ಅದಕ್ಕೆಂದೇ ಇಟ್ಟದ್ದು. ಆದರೆ ಚಾದರದ ದಪ್ಪ ಅಂಚು ತಾಗಿದರೂ ಅದು ನಿಲ್ಲುತ್ತಿತ್ತು, ಕೆಲಸ ಹಿಂದೆ ಬೀಳುತ್ತಿತ್ತು. ಒಂದು ದಿನ ಮೇಲಿನಿಂದ ಹುಕುಂ ಬಂತು. ಮೇಸ್ತ್ರಿ ಬಂದು ನಾಲ್ಕೂ ಯಂತ್ರದ ಅಡ್ಡಪಟ್ಟಿಯನ್ನು ತಂತಿಯಿಂದ ಬಿಗಿದು ಹೋದ. ಒಂಬತ್ತನೇ ದಿನ, ನಾಲ್ಕನೇ ಯಂತ್ರಕ್ಕೆ ಚಾದರ ಕೊಡುತ್ತಿದ್ದ ನಾದಿನಿಯ ಕೈ ಚಾದರದ ಜೊತೆ ಒಳಗೆ ಹೋಯಿತು. ಎದುರು ತುದಿ ಹಿಡಿದವಳು ಇಸ್ತ್ರಿಯಕ್ಕ. ಆಗ ನಾದಿನಿಗೆ ಇಪ್ಪತ್ತೆರಡು. ಕಂಪನಿಯ ವರದಿಯಲ್ಲಿ ಎರಡೇ ಪದ ಇದ್ದವು: ಕೆಲಸಗಾರ್ತಿಯ ಅಜಾಗರೂಕತೆ. ಆಸ್ಪತ್ರೆಯಲ್ಲಿ ಅವಳನ್ನು ಮಲಗಿಸಿದ್ದು ಈ ಹೆಂಗಸರೇ ಇಸ್ತ್ರಿ ಮಾಡಿ ಕಳಿಸಿದ ಚಾದರದ ಮೇಲೆ.

ಅದಾದ ಮೂರನೇ ದಿನ ಹಾಡು ಎದ್ದಿತು. ಒಂದೇ ವಾರದಲ್ಲಿ ತಳ್ಳುಗಾಡಿಯವರ ಬಾಯಿಂದ ಆಸ್ಪತ್ರೆಗೆ, ಆಯಾಗಳ ಬಾಯಿಂದ ವಾರ್ಡಿಗೆ, ರೋಗಿಗಳ ಬಾಯಿಂದ ಊರೂರಿಗೆ ಹೋಯಿತು. ಕಂಪನಿಗೆ ಕಿವಿ ಕಾದಿತು. ನಲವತ್ತು ಜನರನ್ನೂ ಒಬ್ಬೊಬ್ಬರಾಗಿ ಒಳಗೆ ಕರೆದರು. ಯಾರು ಕಟ್ಟಿದ್ದು ಈ ಹಾಡು? ಹೆಸರು ಹೇಳಿದರೆ ಆ ಹೆಸರಿಗೆ ಮರುದಿನ ಕೆಲಸ ಇರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಕೂಡಿ ಮಾತಾಡಿಕೊಂಡಿರಲಿಲ್ಲ. ಆದರೂ ನಲವತ್ತು ಜನ ಒಂದೇ ಮಾತು ಹೇಳಿದರು: "ಹಳೇ ಹಾಡು ಸಾರ್. ನಮ್ಮಜ್ಜಿ ಹೇಳ್ತಿದ್ದಳು." ಇಸ್ತ್ರಿಯಕ್ಕನೂ ಅದನ್ನೇ ಹೇಳಿ, ಕೆಳಗೆ ಸಹಿ ಹಾಕಿ ಹೊರಗೆ ಬಂದಳು. ಅಷ್ಟು ಒಳ್ಳೆಯ ಸುಳ್ಳನ್ನು ಆ ಕಟ್ಟಡದಲ್ಲಿ ಯಾರೂ ಹೇಳಿರಲಿಲ್ಲ.

ಆ ಸುಳ್ಳೇ ಈಗ ದಪ್ಪ ರಟ್ಟಿನ ಪುಸ್ತಕವಾಗಿ ಅಡುಗೆಮನೆಯ ಮೇಜಿನ ಮೇಲೆ ಕೂತಿತ್ತು.

"ಚಪ್ಪಲಿ ಹಾಕ್ಕೋ," ಎಂದಳು ಇಸ್ತ್ರಿಯಕ್ಕ. "ಈ ಪುಸ್ತಕ ಬರೆದ ಪ್ರೊಫೆಸರ್ ಹತ್ರ ಹೋಗಿ ಬರೋಣ."

"ಬಟಾಣಿ?"

"ಅದೇನು ನೂರೈವತ್ತು ವರ್ಷದ್ದಾ? ಸಂಜೆವರೆಗೆ ಇರುತ್ತೆ."

ಪ್ರೊಫೆಸರು ಕೆಟ್ಟವರಲ್ಲ. ಇದೇ ತೊಂದರೆ. ಕೆಟ್ಟವರಾಗಿದ್ದರೆ ಬೈದು ಬರಬಹುದಿತ್ತು. ನಿವೃತ್ತರಾದ ಮೇಲೂ ವಿಶ್ವವಿದ್ಯಾಲಯದ ಜನಪದ ವಿಭಾಗದಲ್ಲಿ ಒಂದು ಮೂಲೆ ಕೋಣೆ ಉಳಿಸಿಕೊಂಡು, ಶೂ ಡಬ್ಬಗಳಲ್ಲಿ ಕ್ಯಾಸೆಟ್ಟು ತುಂಬಿಕೊಂಡು ಕೂತಿದ್ದರು. ಇಬ್ಬರನ್ನೂ ಕಂಡು ಎದ್ದು ನಿಂತರು. ಇದ್ದ ಒಂದೇ ಕುರ್ಚಿಯ ಮೇಲಿನ ಕಾಗದ ತೆಗೆದು, ಇನ್ನೊಂದಕ್ಕಾಗಿ ಪಕ್ಕದ ಕೋಣೆಗೆ ತಾವೇ ಓಡಿದರು.

"ಈ ಹಾಡು ನಾನು ಕಟ್ಟಿದ್ದು ಸಾರ್," ಎಂದಳು ಇಸ್ತ್ರಿಯಕ್ಕ, ಕೂರುವ ಮೊದಲೇ.

ಪ್ರೊಫೆಸರು ಮುಗುಳ್ನಕ್ಕರು. ಮಕ್ಕಳು ಚಂದ್ರ ನನ್ನದು ಎಂದಾಗ ದೊಡ್ಡವರು ನಗುತ್ತಾರಲ್ಲ, ಹಾಗೆ. "ನಿಜವಾದ ಗಾಯಕರಿಗೆಲ್ಲ ಹಾಗೇ ಅನ್ನಿಸುತ್ತೆ ಅಮ್ಮ. ಹಾಡು ಅಷ್ಟು ಒಳಗೆ ಇಳಿದಿರುತ್ತೆ. ಆದರೆ ಇದನ್ನ ನಾನು ಮೂವತ್ತಾರು ವರ್ಷದ ಹಿಂದೆ, ಇಲ್ಲಿಂದ ಎಷ್ಟೋ ದೂರದಲ್ಲಿ ಒಬ್ಬ ಮುದುಕಿಯ ಹತ್ತಿರ ಧ್ವನಿಮುದ್ರಿಸಿಕೊಂಡೆ. ಅವರ ಅಜ್ಜಿಯ ಹಾಡು ಅಂದರು."

"ಎಲ್ಲರೂ ಹಾಗೇ ಅಂತಾರೆ. ನಾವೂ ಹಾಗೇ ಅಂದಿದ್ವಿ."

"ಅದೊಂದೇ ಅಲ್ಲ." ಅವರು ಪುಸ್ತಕ ಬಿಡಿಸಿದರು. ದನಿಯಲ್ಲಿ ಉತ್ಸಾಹ ಬಂತು. "ಇದರ ನಡೆ ನೋಡಿ. ಮೂರು ಪೆಟ್ಟು, ಆಮೇಲೆ ಒಂದು ಖಾಲಿ. ಮತ್ತೆ ಮೂರು, ಮತ್ತೆ ಖಾಲಿ. ಇಂಥ ಕುಂಟು ನಡೆ ಬೇರೆ ಯಾವ ಜನಪದದಲ್ಲೂ ಇಲ್ಲ. ಇದರ ಮೇಲೆ ನಾನು ಹದಿನಾಲ್ಕು ಪುಟ ಬರೆದಿದ್ದೀನಿ. ಇಂಥವು ಹದಿನೆಂಟು ಹಾಡು ಸಿಕ್ಕಿವೆ. ಇದೇ ಬಗೆಯ, ಆದರೆ ಖಾಲಿ ಇಲ್ಲದ ಒಂಬತ್ತು ಹಾಡು ಅದಕ್ಕಿಂತ ಎರಡು ಶತಮಾನ ಹಿಂದಿನವು."

ಇಸ್ತ್ರಿಯಕ್ಕ ತಲೆಯಾಡಿಸಿದಳು. "ಅದು ಹಲ್ಲು ಸಾರ್."

"ಏನು?"

"ನಾಲ್ಕನೇ ಯಂತ್ರದ ಚಕ್ರಕ್ಕೆ ಒಂದು ಹಲ್ಲು ಮುರಿದುಹೋಗಿತ್ತು. ದಡ್, ದಡ್, ದಡ್," ಅವಳು ಅಂಗೈಯಿಂದ ಮೇಜು ಬಡಿದು ಕೈಯನ್ನು ಮೇಲೆಯೇ ನಿಲ್ಲಿಸಿದಳು. "ಇಲ್ಲಿ ಹಲ್ಲಿಲ್ಲ. ರೋಲರು ಒಂದು ಗಳಿಗೆ ತಡೆಯೋದು. ಆಮೇಲೆ ಮತ್ತೆ ದಡ್, ದಡ್, ದಡ್. ರಿಪೇರಿಗೆ ನಿಲ್ಲಿಸಿದ್ರೆ ಕೆಲಸ ಕೆಡುತ್ತೆ ಅಂತ ಹನ್ನೊಂದು ವರ್ಷ ಹಾಗೇ ಓಡಿಸಿದ್ರು. ಆ ತಡೆಯಲ್ಲಿ ಹಾಡೋಕೆ ಹೋದ್ರೆ ಚಾದರ ಜಾರೋದು. ಅದಕ್ಕೇ ಅಲ್ಲಿ ಬಾಯಿ ಮುಚ್ಕೋತಿದ್ವಿ."

ಪ್ರೊಫೆಸರು ಪುಸ್ತಕದ ಹಿಂದಿನ ಪುಟಗಳಿಗೆ ತಿರುವಿದರು.

"ನಿಮ್ಮ ಒಂಬತ್ತು ಹಾಡು ಇದೆಯಲ್ಲ, ಬರೋವಾಗ ಇವಳು ಓದಿ ಹೇಳಿದ್ಲು, ಮೇಸ್ತ್ರಿ ಮೀಸೆ ಹಾಡು, ಸೂರಿನ ಹಾಡು, ಅವೆಲ್ಲ ಹಲ್ಲು ಮುರಿಯೋಕೆ ಮುಂಚೆ ಕಟ್ಟಿದ್ದು. ಎರಡರ ನಡುವೆ ಎರಡು ಶತಮಾನ ಅಂತ ಬರೆದಿದ್ದೀರಿ. ನಡುವೆ ಇದ್ದದ್ದು ಒಂದು ಭಾನುವಾರ. ಶನಿವಾರ ಮುರೀತು, ಸೋಮವಾರ ನಾವು ಕೆಲಸಕ್ಕೆ ಬಂದ್ವಿ."

ಅವಳು ಒಂದು ಹಳೆಯ ಹಾಡಿನ ಎರಡು ಸಾಲು ಹಾಡಿದಳು, ತಡೆಯಿಲ್ಲದೆ ಹರಿಯಿತು. ಆಮೇಲೆ ಐದು ಬೆರಳಿನ ಹಾಡು. ಪ್ರತಿ ಮೂರು ಪೆಟ್ಟಿಗೆ ಇಬ್ಬರು ಮುದುಕಿಯರ ಬಾಯಿಯೂ ಒಟ್ಟಿಗೆ ಮುಚ್ಚಿತು, ಕೈಗಳು ಗಾಳಿಯಲ್ಲಿ ಇಲ್ಲದ ಚಾದರವನ್ನು ಹಿಡಿದು ಒಂದು ಕ್ಷಣ ಕಾದವು. ನಾದಿನಿಯ ಬಲಗೈಯೂ ಹಿಡಿಯಲು ಮಡಚಿಕೊಂಡಿತು. ಪ್ರೊಫೆಸರು ಆ ಕೈಯನ್ನು ಮೊದಲ ಸಲ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತಮ್ಮ ಹದಿನಾಲ್ಕು ಪುಟಗಳು ಕಣ್ಣ ಮುಂದೆಯೇ ಸತ್ತದ್ದನ್ನು ಕಂಡ ಮನುಷ್ಯ ಪುಸ್ತಕ ಮುಚ್ಚಿ, "ತಪ್ಪಾಯ್ತಮ್ಮ," ಎಂದರು. ದೊಡ್ಡ ಮಾತು ಅದು. ಅದನ್ನು ಅಲ್ಲಿಗೇ ನಿಲ್ಲಿಸಬಹುದಿತ್ತು. "ಮುಂದಿನ ಮುದ್ರಣದಲ್ಲಿ ಸರಿಮಾಡೋಣ," ಎಂದು ಸೇರಿಸಿದರು.

"ನನಗೆ ಎಪ್ಪತ್ತನಾಲ್ಕು ಸಾರ್. ಮುಂದಿನ ಮುದ್ರಣ ಯಾವಾಗ?"

ಇದಕ್ಕೆ ಉತ್ತರ ಕೊಟ್ಟವನು ಬಾಗಿಲಲ್ಲಿ ಬಂದು ನಿಂತಿದ್ದ ಸಮಾರಂಭದ ಕಾರ್ಯದರ್ಶಿ. ಬಾಯಿ ತೆರೆಯುವ ಮೊದಲು ಗಡಿಯಾರ ನೋಡುವ ಮನುಷ್ಯ. "ಅಮ್ಮ, ಹೀಗೆಲ್ಲ ಬಾಯಿಮಾತಲ್ಲಿ ಹೆಸರು ಹಾಕೋಕೆ ಆಗಲ್ಲ. ದಾಖಲೆ ಬೇಕು. ಸಭಾಂಗಣ ಕೊಟ್ಟಿರೋದೇ ಲಾಂಡ್ರಿ ಕಂಪನಿಯವರು. ಅವರ ಮಾಲೀಕರೇ ಪುಸ್ತಕ ಬಿಡುಗಡೆ ಮಾಡೋದು. ಅವರ ಕಚೇರಿಯಲ್ಲಿ ಇರೋ ದಾಖಲೆ ನನಗೂ ತೋರಿಸಿದ್ದಾರೆ. 'ಹಳೇ ಹಾಡು' ಅಂತ ನೀವೇ ಸಹಿ ಹಾಕಿದ್ದೀರಲ್ಲ."

"ಹಾಕಿದ್ದೀನಿ. ಸುಳ್ಳು ಹೇಳಿ ಸಹಿ ಹಾಕಿದ್ದೀನಿ. ಆಗ ಕೆಲಸ ಉಳಿಸ್ಕೋಬೇಕಿತ್ತು, ಇವಳ ಕೈ ಗುಣ ಮಾಡಿಸಬೇಕಿತ್ತು. ಈಗ ಕೆಲಸ ಇಲ್ಲ. ಸುಳ್ಳಿಗೂ ನಿವೃತ್ತಿ ಕೊಡ್ತಿದ್ದೀನಿ."

"ಹಳೇದನ್ನ ಯಾಕೆ ಕೆದಕ್ತೀರಿ? ನಿಮ್ಮನ್ನ ಗೌರವಿಸ್ತಿದ್ದಾರೆ, ಖುಷಿಯಾಗಿ ಬಂದು ಹೋಗಿ."

ಯಾರೂ ಸಂಚು ಮಾಡಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಪ್ರೊಫೆಸರು ಪ್ರೀತಿಯಿಂದ ತಪ್ಪು ಮಾಡಿದ್ದರು, ಕಂಪನಿ ಆ ತಪ್ಪಿಗೆ ಸಂತೋಷದಿಂದ ಸಭಾಂಗಣ ಕೊಟ್ಟಿತ್ತು, ಕಾರ್ಯದರ್ಶಿ ಕುರ್ಚಿ ಹಾಕಿಸಿದ್ದ. ಸಂಚಿನ ಅಗತ್ಯವೇ ಬಿದ್ದಿರಲಿಲ್ಲ. ಬೆಂದ ಕೈಯನ್ನು ಆತ್ಮ ಮಾಡಿಬಿಟ್ಟರೆ ಯಾರಿಗೂ ನೋವಿಲ್ಲ.

ದಾರಿಯಲ್ಲಿ ನಾದಿನಿ, "ಸಮಾರಂಭಕ್ಕೆ ಹೋಗೋದು ಬೇಡ ಬಿಡಿ ಅತ್ತಿಗೆ," ಎಂದಳು.

"ಹೋಗದೆ? ಹೋಗಲೇಬೇಕು. ಪುಸ್ತಕ ಎಲ್ಲ ಅಲ್ಲೇ ಇರುತ್ತಲ್ಲ."

ಮನೆಗೆ ಬಂದು ನಾದಿನಿ ಎಡಗೈಯಲ್ಲಿ ಒಂದು ಚೀಟಿ ಬರೆದಳು. ನಲವತ್ತೊಂದು ವರ್ಷದಿಂದ ಎಡಗೈಯೇ ಅವಳ ಬರೆಯುವ ಕೈ. ಅಕ್ಷರಗಳು ಬಲಕ್ಕೆ ವಾಲಿ, ಗಾಳಿಗೆ ಎದುರು ನಡೆಯುವವರ ಹಾಗೆ ಕಾಣುತ್ತಿದ್ದವು. ಬೀದಿಯ ತುದಿಯ ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಚಿಕ್ಕದು ಮಾಡಿಸಿ, ಪ್ರತಿಗಳನ್ನು ಕತ್ತರಿಸಿ ಕಟ್ಟಿಟ್ಟರು. ಚೀಟಿಯಲ್ಲಿ ಇದ್ದದ್ದು ಇಷ್ಟು: "ಈ ಹಾಡು ಕಟ್ಟಿದವಳು ಇಸ್ತ್ರಿಯಕ್ಕ, ಲಾಂಡ್ರಿಯ ನಾಲ್ಕನೇ ಯಂತ್ರದಲ್ಲಿ ನಿಂತು, ನಲವತ್ತೊಂದು ವರ್ಷದ ಹಿಂದೆ. ಬೆಂದದ್ದು ಅವಳ ನಾದಿನಿಯ ಬಲಗೈ. ಅಡ್ಡಪಟ್ಟಿಗೆ ತಂತಿ ಬಿಗಿಸಿದ್ದು ಕಂಪನಿ."

ಸಮಾರಂಭ ಹತ್ತೂವರೆಗೆ. ಎಂಟೂವರೆಗೇ ಹನ್ನೊಂದು ಹೆಂಗಸರು ಸಭಾಂಗಣದ ಬಾಗಿಲಲ್ಲಿ ನಿಂತಿದ್ದರು. ಲಾಂಡ್ರಿಯ ಆ ನಲವತ್ತರಲ್ಲಿ ಬದುಕಿದ್ದವರು ಹತ್ತೊಂಬತ್ತು, ನಡೆಯಬಲ್ಲವರು ಇಷ್ಟು. ಒಬ್ಬಳ ಸೊಂಟಕ್ಕೆ ಪಟ್ಟಿ, ಇನ್ನೊಬ್ಬಳ ಕಿವಿಗೆ ಯಂತ್ರ. ಎಲ್ಲರ ಚೀಲದಲ್ಲೂ ಗೋಂದಿನ ಡಬ್ಬ. ಕಾವಲಿನವನು ಗುರುತಿನ ಚೀಟಿ ಕೇಳಿದ.

ಇಸ್ತ್ರಿಯಕ್ಕ ಅವನ ತಲೆಯ ಮೇಲಿನ ಬ್ಯಾನರು ತೋರಿಸಿದಳು. "ನನ್ನ ಮುಖವನ್ನ ಬಾಗಿಲಗಲ ನೇತು ಹಾಕಿದ್ದೀರಿ. ಇನ್ನೂ ಗುರುತು ಸಿಕ್ಕಲಿಲ್ವೇನಪ್ಪ?"

ಒಳಗೆ ವೇದಿಕೆಯ ಪಕ್ಕ ಉದ್ದ ಮೇಜಿನ ಮೇಲೆ ಇನ್ನೂರ ಅರವತ್ತು ಪುಸ್ತಕ ಪೇರಿಸಿಟ್ಟಿದ್ದರು. ಯಾರಿಗೂ ಕೆಲಸ ಹಂಚುವ ಅಗತ್ಯ ಬೀಳಲಿಲ್ಲ. ಇಬ್ಬರು ಈಚೆ, ಇಬ್ಬರು ಆಚೆ ನಿಂತರು. ಒಬ್ಬಳು ಅರವತ್ತೊಂದನೇ ಪುಟ ಬಿಡಿಸಿದಳು, ಒಬ್ಬಳು ಗೋಂದು ಹಚ್ಚಿದಳು, ಒಬ್ಬಳು ಚೀಟಿ ಇಟ್ಟಳು, ಒಬ್ಬಳು ಅಂಗೈಯಿಂದ ಒತ್ತಿ ಮುಂದಕ್ಕೆ ದಾಟಿಸಿದಳು. "ಕರ್ತೃ ಅಜ್ಞಾತ" ಎಂಬುದರ ಮೇಲೆ ಸರಿಯಾಗಿ ಕೂರುವ ಹಾಗೆ ಚೀಟಿಯ ಅಳತೆ ಇತ್ತು.

"ನೆಟ್ಟಗೆ ಅಂಟಿಸೇ. ನಿನ್ನ ಚಾದರದ ಹಾಗೇ ಸೊಟ್ಟ ಬರ್ತಿದೆ."

"ನನ್ನ ಚಾದರಕ್ಕೆ ಯಾವ ರೋಗಿ ದೂರು ಕೊಟ್ಟಿದ್ದ ಹೇಳು?"

"ದೂರು ಕೊಡೋಕೆ ಎದ್ದಿದ್ರೆ ತಾನೇ!"

ನೂರನೇ ಪುಸ್ತಕದ ಹೊತ್ತಿಗೆ ಕಾರ್ಯದರ್ಶಿ ಬಂದ. ಅವನ ಮುಖ ಒಗೆದ ಚಾದರದಷ್ಟೇ ಬೆಳ್ಳಗಾಯಿತು. "ಏನ್ರಮ್ಮ ಇದು? ನಿಲ್ಲಿಸಿ! ಇದು ಸಂಸ್ಥೆಯ ಆಸ್ತಿ!"

"ಪುಸ್ತಕ ಸಂಸ್ಥೆದು," ಎಂದಳು ಇಸ್ತ್ರಿಯಕ್ಕ, ಕೈ ನಿಲ್ಲಿಸದೆ. "ಹಾಡು ನಂದು. ನಂದರ ಮೇಲೆ ಮಾತ್ರ ಅಂಟಿಸ್ತಿದ್ದೀನಿ. ಅಳತೆ ನೋಡ್ಕೊಳ್ಳಿ."

ಅವನು ಹುಡುಕಾಡಿ ಪ್ರೊಫೆಸರನ್ನು ಕರೆತಂದ. ಪ್ರೊಫೆಸರು ಒಂದು ಪುಸ್ತಕ ಎತ್ತಿ ಚೀಟಿ ಓದಿದರು, ಎರಡು ಸಲ. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಚೀಟಿಯ ಕೆಳಗೆ ಉಳಿದಿದ್ದ ಸಂಕೇತ, ಬಂಧನ, ಆತ್ಮದ ಹಂಬಲ ಮೂರನ್ನೂ ತಾವೇ ಗೀಟು ಹಾಕಿ ಹೊಡೆದರು. ಮುಂದಿನ ಪುಸ್ತಕ ಕೇಳಿದರು. ಕಾರ್ಯದರ್ಶಿ ಗಡಿಯಾರ ನೋಡಿದ.

ಹತ್ತೂವರೆಗೆ ಸಭಾಂಗಣ ತುಂಬಿತು, ಮಾಲೀಕರೂ ಬಂದರು. ಹಳೆಯ ಮಾಲೀಕರ ಮಗ, ಮೃದು ಮಾತಿನವರು. ಇನ್ನೂ ಅರವತ್ತು ಪುಸ್ತಕ ಬಾಕಿ ಇತ್ತು. ಜನ ಇದೂ ಕಾರ್ಯಕ್ರಮದ ಭಾಗವೆಂದುಕೊಂಡು ನೋಡುತ್ತಾ ಕೂತಿದ್ದರು. ಮಾಲೀಕರು ಮೇಜಿನ ಹತ್ತಿರ ಬಂದು, ಒಂದು ಪ್ರತಿ ತೆಗೆದು ಓದಿ, ದನಿ ತಗ್ಗಿಸಿದರು. "ಇದು ನಮ್ಮ ತಂದೆಯವರ ಕಾಲದ ವಿಷಯ. ನಾನಾಗ ಶಾಲೆಗೆ ಹೋಗ್ತಿದ್ದೆ."

"ಗೊತ್ತು. ಅದಕ್ಕೇ ನಿಮ್ಮ ಹೆಸರು ಬರೆದಿಲ್ಲ, ಕಂಪನಿ ಅಂತ ಬರೆದಿದ್ದೀವಿ. ಕಂಪನಿ ಇನ್ನೂ ಇದೆಯಲ್ಲ."

"ಈ ಚೀಟಿ ಇದ್ರೆ ನಾನು ಇದನ್ನ ಬಿಡುಗಡೆ ಮಾಡೋಕೆ ಆಗಲ್ಲಮ್ಮ. ಅರ್ಥ ಮಾಡ್ಕೊಳ್ಳಿ."

"ಬೇಡ ಬಿಡಿ." ಅವಳ ದನಿ ತಗ್ಗಿರಲಿಲ್ಲ. ಯಂತ್ರದ ಸದ್ದಿನ ಮೇಲೆ ಹಾಡಿ ಪಳಗಿದ ಗಂಟಲು ಅದು, ಹಿಂದಿನ ಸಾಲಿಗೂ ಕೇಳಿಸಿತು. "ಈ ಹಾಡು ಬಿಡುಗಡೆ ಆಗಿ ನಲವತ್ತೊಂದು ವರ್ಷ ಆಯ್ತು. ನಿಮ್ಮ ತಂದೆಯವರೂ ನಿಲ್ಲಿಸೋಕೆ ನೋಡಿದ್ರು."

ಮಾಲೀಕರು ಪುಸ್ತಕವನ್ನು ಕುರ್ಚಿಯ ಮೇಲಿಟ್ಟು, ಯಾವುದೋ ಕರೆ ಬಂದವರ ಹಾಗೆ ಫೋನನ್ನು ಕಿವಿಗೆ ಹಿಡಿದು ಪಕ್ಕದ ಬಾಗಿಲಿಂದ ಹೊರಟರು. ಫೋನು ರಿಂಗಾಗಿರಲಿಲ್ಲ. ಕಾರ್ಯದರ್ಶಿ ಅವರ ಹಿಂದೆ ನಾಲ್ಕು ಹೆಜ್ಜೆ ಓಡಿ, ತುಂಬಿದ ಸಭೆ ನೋಡಿ, ವಾಪಸ್ಸು ಬಂದ.

ನಾದಿನಿ ಆಗ ತಾನಾಗಿ ಮೈಕಿನ ಹತ್ತಿರ ಹೋದಳು. ಯಾರೂ ಕರೆದಿರಲಿಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಮದುವೆಯ ಮಾತು ಮುರಿದುಹೋದ ಮನೆಗಳಲ್ಲಿ, ಯಾವಾಗಲೂ ಚೀಲದ ಹಿಂದೆ ಅಡಗಿಸಿಟ್ಟಿದ್ದ ಬಲಗೈಯಿಂದಲೇ ಮೈಕು ಹಿಡಿದಳು. ಕಡ್ಡಿಯಂಥ ಕಿರುಬೆರಳು ಎಲ್ಲರಿಗೂ ಕಾಣುವ ಹಾಗೆ ಮೇಲಕ್ಕೆ ನಿಂತಿತು. "ಕೈ ನಂದು," ಎಂದಳು. "ಹಾಡು ನಮ್ಮತ್ತಿಗೆದು. ಇವಾಗ ಹಾಡ್ತಾರೆ, ಗಲಾಟೆ ಮಾಡಬೇಡಿ."

ಇಸ್ತ್ರಿಯಕ್ಕ ವೇದಿಕೆ ಹತ್ತಲಿಲ್ಲ. ಕೈಯಲ್ಲಿ ಗೋಂದು ಇತ್ತು, ಪುಸ್ತಕ ಬಾಕಿ ಇತ್ತು. ಮೇಜಿನ ಮುಂದೆ ನಿಂತ ಹಾಗೆಯೇ ಮೊದಲ ಸಾಲು ಎತ್ತಿದಳು. ಹತ್ತು ಜನ ಎರಡನೆಯದಕ್ಕೆ ಬಂದರು. ಪುಟ ಬಿಡಿಸುವ ಕೈ, ಹಚ್ಚುವ ಕೈ, ಒತ್ತುವ ಕೈ ಎಲ್ಲವೂ ಹಾಡಿನ ಹೆಜ್ಜೆಗೆ ಬಿದ್ದವು. ಮೂರನೇ ಸಲ ಬರುವ ಹೊತ್ತಿಗೆ ಸಭೆಯ ಅರ್ಧ ಜನ ಕೇಳುತ್ತಿದ್ದರು, "ತಂತಿ ಬಿಗಿದ ಕೈ ಯಾರದೇ?" ಮುದುಕಿಯರು ಉತ್ತರ ಕೊಡುತ್ತಿದ್ದರು. ಕೊನೆಯ ಪುಸ್ತಕ ಮುಗಿದಾಗ ಹಾಡೂ ಮುಗಿಯಿತು. ಚಪ್ಪಾಳೆ ಬಿತ್ತು, ಬಹಳ ಹೊತ್ತು ಬಿತ್ತು.

ಕಾರ್ಯದರ್ಶಿ ಬೆವರು ಒರೆಸಿಕೊಂಡು ಗೌರವದ ಫಲಕ ತಂದ. ನಾದಿನಿ ಓದಿದಳು: "'ಹಾಡುಗಳ ಸಂರಕ್ಷಕಿ.'" ಇಸ್ತ್ರಿಯಕ್ಕ ಅದನ್ನು ಎರಡು ಬೆರಳಿನಲ್ಲಿ ಹಿಡಿದು ಅವನಿಗೇ ಹಿಂದಿರುಗಿಸಿದಳು. "ತಿದ್ದಿಸಿ ಮನೆಗೆ ಕಳಿಸಪ್ಪ. ಕಟ್ಟಿದವಳು ಅಂತ ಬರೀಲಿ. ನನಗೇನೂ ಅವಸರ ಇಲ್ಲ."

"ಆಯ್ತಮ್ಮ, ಆಯ್ತು. ಎಲ್ಲ ನೀವು ಹೇಳಿದ ಹಾಗೇ ಆಯ್ತಲ್ಲ," ಎಂದ ಅವನು, ಹೇಗಾದರೂ ಮುಗಿದರೆ ಸಾಕು ಎನ್ನುವ ದನಿಯಲ್ಲಿ. ಆಮೇಲೆ, ಸತ್ಯ ಹೇಳುವ ಹುರುಪು ಆ ದಿನ ಅವನಿಗೂ ಅಂಟಿತೋ ಏನೋ, ತಡೆಯಲಾರದೆ ಒಂದು ಮಾತು ಜಾರಿಸಿದ. "ಆದ್ರೆ ಮುನ್ನೂರು ಅಚ್ಚಾಗಿತ್ತು. ನಲವತ್ತು ಪ್ರತಿ ಹೋದ ವಾರವೇ ಬೇರೆ ಬೇರೆ ಊರಿನ ಲೈಬ್ರರಿಗಳಿಗೆ ಹೋಗಿಬಿಟ್ಟಿವೆ. ಅದಕ್ಕೇನೂ ಮಾಡೋಕಾಗಲ್ಲ."

ಹನ್ನೊಂದು ಜನರೂ ಅವನ ಕಡೆ ತಿರುಗಿದರು. ಡಬ್ಬಗಳ ಮುಚ್ಚಳ ಹಾಕುತ್ತಿದ್ದ ಕೈಗಳು ನಿಂತವು.

"ಯಾವ್ಯಾವ ಊರು?" ಎಂದಳು ಇಸ್ತ್ರಿಯಕ್ಕ.

"ಬಹಳ ದೂರ ಅಮ್ಮ. ಒಂದೊಂದು ಒಂದೊಂದು ದಿಕ್ಕು."

"ದೂರ ಎಷ್ಟು ಅಂತ ಕೇಳಲಿಲ್ಲ. ಊರು ಯಾವುದು ಅಂತ ಕೇಳಿದೆ. ಪಟ್ಟಿ ಕೊಡು." ಅವಳು ಕುರ್ಚಿ ಎಳೆದು ಅವನ ಎದುರಿಗೇ ಕೂತಳು. "ನೀನು ಹೇಳು, ಇವಳು ಬರ್ಕೋತಾಳೆ."

ನಾದಿನಿ ಪೆನ್ನಿಗಾಗಿ ಪ್ರೊಫೆಸರ ಕಡೆ ಕೈ ಚಾಚಿದಳು.